ಆರ್ಟ್ ಟೇಟಮ್: ಪಿಯಾನೋದ ಮುಂದೆ ಒಂದು ಬದುಕು

ಚಿಕ್ಕಂದಿನಿಂದಲೂ ನನ್ನ ಎಡಗಣ್ಣಿಗೆ ದೃಷ್ಟಿ ಕಡಿಮೆ. ಕಣ್ಣು ಮಂದವಾದರೆ ಕಿವಿ ತಾನಾಗಿಯೇ ಚುರುಕಾಗುತ್ತದೆ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅಮೆರಿಕದ ಜಾಝ್ ಪಿಯಾನೋ ವಾದಕ ಆರ್ಟ್ ಟೇಟಮ್ ಅವರ ಬಗ್ಗೆಯೂ ಜನ ಹೀಗೇ ಹೇಳುತ್ತಾ ಬಂದಿದ್ದಾರೆ. ಅವರ ಬದುಕಿನ ಕಥೆ ಓದಿದ ಮೇಲೆ ನನಗೆ ಆ ಮಾತು ಒಪ್ಪಿಗೆಯಾಗುತ್ತಿಲ್ಲ.

ಟೇಟಮ್ 1909ರ ಅಕ್ಟೋಬರ್ 13ರಂದು ಒಹಾಯೊ ರಾಜ್ಯದ ಟೊಲಿಡೊ ನಗರದಲ್ಲಿ ಒಂದು ಕಪ್ಪು ಕುಟುಂಬದಲ್ಲಿ ಹುಟ್ಟಿದರು. ತಂದೆ ಮೆಕ್ಯಾನಿಕ್, ತಾಯಿ ಮನೆಗೆಲಸದವರು. ಎಳವೆಯಲ್ಲೇ ಎರಡೂ ಕಣ್ಣುಗಳಿಗೆ ಪೊರೆ ಬಂತು. ಹಲವು ಶಸ್ತ್ರಚಿಕಿತ್ಸೆಗಳಿಂದ ಸ್ವಲ್ಪ ದೃಷ್ಟಿ ಮರಳಿತಾದರೂ, ಯುವಕನಾಗಿದ್ದಾಗ ನಡೆದ ಒಂದು ಹಲ್ಲೆಯಲ್ಲಿ ಅದೂ ಬಹುಪಾಲು ಹೋಯಿತು.

ಆಗ ರಂಧ್ರಗಳಿದ್ದ ಕಾಗದದ ಸುರುಳಿ ಹಾಕಿದರೆ ತಾನೇ ನುಡಿಯುವ ಪಿಯಾನೋಗಳಿದ್ದವು. ಬಾಲಕ ಟೇಟಮ್ ಆ ಸುರುಳಿಗಳನ್ನೂ ಗ್ರಾಮಫೋನ್, ರೇಡಿಯೋಗಳನ್ನೂ ಕೇಳಿ ಕೇಳಿ ನುಡಿಸಲು ಕಲಿತರು. 1925ರಲ್ಲಿ ಕೊಲಂಬಸ್‌ನ ಅಂಧರ ಶಾಲೆಗೆ ಸೇರಿದರು. ಆಮೇಲೆ ಟೊಲಿಡೊ ಸಂಗೀತ ಶಾಲೆಯಲ್ಲಿ ಓವರ್ಟನ್ ರೇನಿ ಎಂಬ ಗುರು ಸಿಕ್ಕರು. ಅವರು ಕಲಿಸಿದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಶಿಷ್ಯ ಜಾಝ್ ನುಡಿಸುವುದು ಅವರಿಗೆ ಇಷ್ಟವಿರಲಿಲ್ಲ. ಇಷ್ಟೆಲ್ಲ ಕಲಿಕೆಯನ್ನು ಕಣ್ಣಿನ ಕೊರತೆಯ ಲೆಕ್ಕಕ್ಕೆ ಹಾಕುವುದು ಯಾವ ನ್ಯಾಯ?

1932ರಲ್ಲಿ ಗಾಯಕಿ ಅಡಿಲೇಡ್ ಹಾಲ್ ಅವರಿಗೆ ಪಕ್ಕವಾದ್ಯ ನುಡಿಸಲು ನ್ಯೂಯಾರ್ಕಿಗೆ ಬಂದರು. ಹಾರ್ಲೆಮ್‌ನಲ್ಲಿ ಪಿಯಾನೋ ವಾದಕರು ರಾತ್ರಿಯಿಡೀ ಒಬ್ಬರಿಗೊಬ್ಬರು ಸವಾಲು ಹಾಕಿ ನುಡಿಸುವ ಪದ್ಧತಿಯಿತ್ತು. ಜೇಮ್ಸ್ ಪಿ. ಜಾನ್ಸನ್, ಫ್ಯಾಟ್ಸ್ ವಾಲರ್‌ರಂಥ ದಿಗ್ಗಜರು ಈ ಹೊಸಬನ ಮುಂದೆ ಸೋಲೊಪ್ಪಿಕೊಂಡರು. 1933ರ ‘ಟೈಗರ್ ರ್‍ಯಾಗ್’ ಧ್ವನಿಮುದ್ರಿಕೆ ಕೇಳಿದಾಗ ಇಬ್ಬರು ಸೇರಿ ನುಡಿಸುತ್ತಿದ್ದಾರೆಂದೇ ನನಗೆ ಅನಿಸಿತು.

ಅವರು ಸ್ವರಗಳನ್ನು ಮಿತಿಮೀರಿ ತುಂಬುತ್ತಾರೆ, ಜೊತೆಗಾರರಿಗೆ ಜಾಗ ಬಿಡುವುದಿಲ್ಲ ಎಂದು ಕೆಲವು ವಿಮರ್ಶಕರು ದೂರಿದರು. ತಂಡದಲ್ಲಿ ನುಡಿಸಿದ್ದನ್ನು ಕೇಳಿದರೆ ದೂರಿನಲ್ಲಿ ಸ್ವಲ್ಪ ಹುರುಳಿದೆ. ಒಬ್ಬರೇ ಕುಳಿತು ನುಡಿಸಿದ್ದಕ್ಕೆ ಮಾತ್ರ ಅದು ಹೊಂದುವುದಿಲ್ಲ. 1953ರ ಡಿಸೆಂಬರ್‌ನಲ್ಲಿ ನಿರ್ಮಾಪಕ ನಾರ್ಮನ್ ಗ್ರಾಂಝ್ ಅವರನ್ನು ಸ್ಟುಡಿಯೋದಲ್ಲಿ ಕೂರಿಸಿದಾಗ ಎರಡೇ ದಿನಗಳಲ್ಲಿ 60ಕ್ಕೂ ಹೆಚ್ಚು ರಚನೆಗಳನ್ನು ನುಡಿಸಿದರು. ಅವುಗಳಲ್ಲಿ ಬಹುತೇಕ ಎಲ್ಲವೂ ಮೊದಲ ಯತ್ನದಲ್ಲೇ ಮುಗಿದವು.

ಕುಡಿತವನ್ನು ಮಾತ್ರ ಬಹುಕಾಲ ಬಿಡಲಿಲ್ಲ. 1956ರ ಆಗಸ್ಟ್‌ನಲ್ಲಿ ಹಾಲಿವುಡ್ ಬೌಲ್ ಬಯಲು ರಂಗಮಂದಿರದಲ್ಲಿ ಸಾವಿರಾರು ಜನರ ಮುಂದೆ ನುಡಿಸಿದರು. ನವೆಂಬರ್ 5ರಂದು ಲಾಸ್ ಏಂಜಲೀಸ್‌ನಲ್ಲಿ ಮೂತ್ರಪಿಂಡಗಳು ಕೈಕೊಟ್ಟು ತೀರಿಕೊಂಡಾಗ ಅವರಿಗೆ 47 ವರ್ಷ.