ಊರೂರಿಗೆ ನಡೆದ ಗ್ರಂಥಾಲಯ: ಪಿ. ಎನ್. ಪಣಿಕ್ಕರ್

ಪ್ರತಿವರ್ಷ ಜೂನ್ 19ರಂದು ಕೇರಳದಾದ್ಯಂತ ಆಚರಿಸಲ್ಪಡುವ ವಾಚನ ದಿನವು ಪಿ. ಎನ್. ಪಣಿಕ್ಕರ್ ಅವರ ಪುಣ್ಯದಿನ. ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಿಗೂ ಈ ದಿನ ಚಿರಪರಿಚಿತ. ಅದರ ಹಿಂದಿರುವ ಬದುಕು ಅಷ್ಟು ಪರಿಚಿತವಲ್ಲ.

ಪುದುವಾಯಿಲ್ ನಾರಾಯಣ ಪಣಿಕ್ಕರ್ ಅವರು 1909ರ ಮಾರ್ಚ್ 1ರಂದು ಕುಟ್ಟನಾಡಿನ ನೀಲಂಪೇರೂರಿನಲ್ಲಿ ಜನಿಸಿದರು. ವೃತ್ತಿಯಿಂದ ಅಧ್ಯಾಪಕರು. 1926ರಲ್ಲಿ, ಹದಿನೇಳರ ಹರೆಯದಲ್ಲೇ, ಹುಟ್ಟೂರಿನಲ್ಲಿ ಸನಾತನಧರ್ಮ ಗ್ರಂಥಾಲಯವನ್ನು ಆರಂಭಿಸಿದರು. ಅಂದು ತಿರುವಿದಾಂಕೂರಿನಲ್ಲಿ ಗ್ರಾಮೀಣ ವಾಚನಾಲಯಗಳು ಅಲ್ಲಲ್ಲಿ ಇದ್ದರೂ ಒಂದಕ್ಕೊಂದು ಸಂಬಂಧವಿರಲಿಲ್ಲ. 1945ರ ಸೆಪ್ಟೆಂಬರಿನಲ್ಲಿ ಅಂಬಲಪ್ಪುಳದಲ್ಲಿ ಇಂತಹ 47 ಗ್ರಂಥಾಲಯಗಳನ್ನು ಒಂದುಗೂಡಿಸಿ ತಿರುವಿದಾಂಕೂರು ಗ್ರಂಥಾಲಯ ಸಂಘವನ್ನು ಕಟ್ಟುವಲ್ಲಿ ಅವರು ಮುಂದಾಳಾದರು. 1956ರಲ್ಲಿ ರಾಜ್ಯ ರೂಪುಗೊಂಡ ಬಳಿಕ ಅದು ಕೇರಳ ಗ್ರಂಥಾಲಯ ಸಂಘವಾಗಿ ವಿಸ್ತರಿಸಿತು. ಕ್ರಮೇಣ ಆರು ಸಾವಿರದಷ್ಟು ಗ್ರಂಥಾಲಯಗಳು ಅದರ ಆಶ್ರಯಕ್ಕೆ ಬಂದವು.

ಈ ಬೆಳವಣಿಗೆಯ ಗುಟ್ಟು ಪಣಿಕ್ಕರರ ಜನಸಂಪರ್ಕದಲ್ಲಿತ್ತು. ಅವರು ಕಚೇರಿಯಲ್ಲಿ ಕುಳಿತು ಆದೇಶಗಳನ್ನು ಕಳುಹಿಸಿದವರಲ್ಲ. ಹಳ್ಳಿಹಳ್ಳಿಗೆ ತೆರಳಿ ಓದಿನ ಮಹತ್ವವನ್ನು ಜನರಿಗೆ ಮನಗಾಣಿಸಿದರು. ಕೃಷಿಕರಿಗಾಗಿ ಗ್ರಂಥಾಲಯಗಳಲ್ಲಿ ಕೃಷಿಪುಸ್ತಕಗಳ ವಿಭಾಗವನ್ನು ಪ್ರೋತ್ಸಾಹಿಸಿದರು. ಓದಿ ಬೆಳೆಯಿರಿ ಎಂಬ ಸಂದೇಶವನ್ನು ಹೊತ್ತು ಪಾರಶ್ಶಾಲೆಯಿಂದ ನಮ್ಮ ಕಾಸರಗೋಡಿನವರೆಗೆ ಸಾಂಸ್ಕೃತಿಕ ಜಾಥಾ ನಡೆಸಿದರು. 1975ರಲ್ಲಿ ಸಂಘಕ್ಕೆ ಯುನೆಸ್ಕೋದ ಕ್ರುಪ್‌ಸ್ಕಾಯಾ ಪ್ರಶಸ್ತಿ ಲಭಿಸಿತು.

1977ರಲ್ಲಿ ಸಂಘದ ಆಡಳಿತವನ್ನು ಸರಕಾರವು ವಹಿಸಿಕೊಂಡಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಕಾರ್ಯದರ್ಶಿಯಾಗಿ ಬೆಳೆಸಿದ ಸಂಸ್ಥೆಯಿಂದ ಅವರು ಹೊರಗುಳಿಯಬೇಕಾಯಿತು. ಆಗ ಅವರಿಗೆ ಅರುವತ್ತೆಂಟು ವರ್ಷ. ಇನ್ನೊಬ್ಬರಾಗಿದ್ದರೆ ವಿಶ್ರಾಂತಿಯನ್ನು ಬಯಸುತ್ತಿದ್ದರೇನೋ. ಪಣಿಕ್ಕರರು ಅದೇ ವರ್ಷ ಕಾನ್‌ಫೆಡ್ ಎಂಬ ಅನೌಪಚಾರಿಕ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದರು. ಅಕ್ಷರವನ್ನೇ ಅರಿಯದವರ ಪಾಲಿಗೆ ಕಪಾಟಿನ ಪುಸ್ತಕ ಇದ್ದೂ ಇಲ್ಲದಂತೆ. ಆದುದರಿಂದ ಗ್ರಂಥಾಲಯದ ಕೆಲಸವನ್ನು ಅವರು ಅಕ್ಷರಾಭ್ಯಾಸದಿಂದಲೇ ಮುಂದುವರಿಸಿದರು. 1991ರ ಏಪ್ರಿಲ್ 18ರಂದು ಕೇರಳವು ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿತವಾದಾಗ, ಅದಕ್ಕೆ ನೆಲ ಹದಗೊಳಿಸಿದವರಲ್ಲಿ ಅವರೂ ಒಬ್ಬರಾಗಿದ್ದರು.

1995ರ ಜೂನ್ 19ರಂದು ಪಣಿಕ್ಕರರು ನಿಧನರಾದರು. ಮರುವರ್ಷದಿಂದ ಆ ದಿನವು ವಾಚನ ದಿನವಾಯಿತು.

ಇಂದು ಮಾಹಿತಿಯು ಅಂಗೈಯಲ್ಲೇ ದೊರೆಯುತ್ತಿರುವಾಗ ಗ್ರಂಥಾಲಯವೇಕೆ ಎಂಬ ಪ್ರಶ್ನೆ ಸಹಜ. ಬಂದವರನ್ನು ಮಾತನಾಡಿಸಿ, ಬಾರದವರನ್ನು ಅರಸಿ ಹೋಗುವ ಗ್ರಂಥಪಾಲಕರು ಇರುವವರೆಗೆ ಗ್ರಂಥಾಲಯವು ಊರಿಗೆ ಬೇಕಾಗಿಯೇ ಇರುತ್ತದೆ ಎಂಬುದಕ್ಕೆ ಪಣಿಕ್ಕರರ ಬದುಕು ಸಾಕ್ಷಿ. ಗಡಿನಾಡಿನ ನಮ್ಮ ಕನ್ನಡ ವಾಚನಾಲಯಗಳು ಉಳಿಯಬೇಕಾದ ದಾರಿಯೂ ಇದೇ.