ಮುತ್ತಿಗೆಯ ನಗರದಲ್ಲಿ ಒಂದು ಗ್ರಂಥಾಲಯ

ಆಗಸ್ಟ್ 28 ಸಂತ ಅಗಸ್ಟೀನರ ಹಬ್ಬ. ದಾರಿತಪ್ಪಿ ಅಲೆದ ಯುವಕ, ಮಗನಿಗಾಗಿ ವರ್ಷಾನುವರ್ಷ ಕಣ್ಣೀರಿಟ್ಟ ತಾಯಿ ಮೋನಿಕಾ, ಮಿಲಾನ್ ನಗರದ ತೋಟದಲ್ಲಿ ಸಂಭವಿಸಿದ ಮನಪರಿವರ್ತನೆ, ಇವೆಲ್ಲವನ್ನೂ ನಾವು ಪ್ರಬೋಧನೆಗಳಲ್ಲಿ ಹಲವು ಬಾರಿ ಕೇಳಿದ್ದೇವೆ. ಆದರೆ ಈ ಸಂತರು ಪ್ರಾಣಬಿಟ್ಟದ್ದು ಶತ್ರುಸೈನ್ಯ ಸುತ್ತುವರಿದಿದ್ದ ನಗರದಲ್ಲಿ ಎಂಬುದನ್ನೂ, ಆ ಸಂಕಟದ ನಡುವೆ ಅವರು ಮತ್ತೆ ಮತ್ತೆ ಹೇಳಿಹೋದದ್ದು ತಮ್ಮ ದೇವಾಲಯದ ಗ್ರಂಥಾಲಯದ ವಿಷಯವನ್ನು ಎಂಬುದನ್ನೂ ನಾವು ಅಷ್ಟಾಗಿ ನೆನೆಯುವುದಿಲ್ಲ.

ಅಗಸ್ಟೀನರು ಕ್ರಿ.ಶ. 354ರ ನವೆಂಬರ್ 13ರಂದು ಉತ್ತರ ಆಫ್ರಿಕದ ತಗಸ್ತೆ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಇಂದು ಆ ಸ್ಥಳ ಆಲ್ಜೀರಿಯ ದೇಶದಲ್ಲಿದೆ. ತಂದೆ ಪತ್ರೀಸಿಯುಸ್ ಅಂಥ ಸ್ಥಿತಿವಂತರೇನೂ ಅಲ್ಲ. ಹಣವಿಲ್ಲದೆ 16ನೆಯ ವಯಸ್ಸಿನಲ್ಲಿ ಮಗನ ಓದು ಒಂದು ವರ್ಷ ನಿಂತೇಹೋಯಿತು. ಊರಿನ ಧನಿಕರೊಬ್ಬರ ನೆರವಿನಿಂದ ಅವರು ಕಾರ್ಥೇಜ್ ನಗರಕ್ಕೆ ತೆರಳಿದರು. ಅಲ್ಲಿ 19ನೆಯ ವಯಸ್ಸಿನಲ್ಲಿ ಪಠ್ಯಕ್ರಮದ ಭಾಗವಾಗಿ ಸಿಸೆರೊ ಬರೆದ ಹೊರ್ಟೆನ್ಸಿಯುಸ್ ಎಂಬ ಗ್ರಂಥವನ್ನು ಕೈಗೆತ್ತಿಕೊಂಡರು. ಭಾಷಣಕಲೆಯನ್ನು ಕಲಿಯಲೆಂದು ತೆರೆದ ಆ ಪುಸ್ತಕ ಸತ್ಯವನ್ನು ಅರಸುವ ಹಂಬಲವನ್ನು ಅವರಲ್ಲಿ ಹೊತ್ತಿಸಿತು. ಆಗಲೇ ಅವರು ಬೈಬಲನ್ನೂ ತೆರೆದರು. ಅದರ ಭಾಷೆ ಒರಟೆನಿಸಿ ಬದಿಗಿಟ್ಟರು. ಮುಂದೆ ಸುಮಾರು 9 ವರ್ಷ ಮನಿಕೇಯ ಪಂಥದ ಹಿಂದೆ ಹೋದರು.

ಕ್ರಿ.ಶ. 384ರಲ್ಲಿ ಅವರು ಮಿಲಾನಿನಲ್ಲಿ ಭಾಷಣಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿನ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರು ತುಟಿಯಲುಗಿಸದೆ ಮೌನವಾಗಿ ಓದುವುದನ್ನು ಕಂಡು ಬೆರಗಾದರು. ಪ್ಲೇಟೋವಿನ ಅನುಯಾಯಿಗಳ ಗ್ರಂಥಗಳು ದೇವರು ಜಡವಸ್ತುವಲ್ಲ ಎಂಬುದನ್ನು ಅವರಿಗೆ ಮನಗಾಣಿಸಿದವು. ಕ್ರಿ.ಶ. 386ರಲ್ಲಿ ತೋಟದಲ್ಲಿ ಅಳುತ್ತ ಕುಳಿತಿದ್ದಾಗ ಮಗುವಿನದೆಂಬಂತಹ ದನಿಯೊಂದು ಓದಲು ಕರೆಯಿತು. ಅವರು ಸಂತ ಪೌಲರು ರೋಮನರಿಗೆ ಬರೆದ ಪತ್ರವನ್ನು ತೆರೆದರು. ಮರುವರ್ಷದ ಪಾಸ್ಖದ ರಾತ್ರಿ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು. ಹೀಗೆ ಅವರ ಬಾಳಿನ ಪ್ರತಿ ತಿರುವಿನಲ್ಲೂ ಯಾರೋ ಬರೆದ, ಯಾರೋ ಕಾಪಾಡಿದ ಒಂದು ಪುಸ್ತಕವಿತ್ತು.

ಆಫ್ರಿಕಕ್ಕೆ ಮರಳಿದ ಅಗಸ್ಟೀನರು ಕ್ರಿ.ಶ. 391ರಲ್ಲಿ ಹಿಪ್ಪೋ ನಗರದಲ್ಲಿ ಗುರುಗಳಾದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಧರ್ಮಾಧ್ಯಕ್ಷರಾದರು. ಅಲ್ಲಿ ದೇವಾಲಯದ ಬಳಿ ಮಠವಿತ್ತು, ಗ್ರಂಥಾಲಯವಿತ್ತು. ಅವರು ಹೇಳುತ್ತ ಹೋದಂತೆ ಶೀಘ್ರಲಿಪಿಕಾರರು ಬರೆದುಕೊಳ್ಳುತ್ತಿದ್ದರು. ಅನಂತರ ಪ್ರತಿಗಳನ್ನು ಕೈಯಿಂದಲೇ ತಯಾರಿಸುತ್ತಿದ್ದರು. ಮುದ್ರಣವಿಲ್ಲದ ಆ ಕಾಲದಲ್ಲಿ ಒಂದು ಪ್ರತಿ ಸುಟ್ಟರೆ ಒಂದು ಗ್ರಂಥವೇ ಲೋಕದಿಂದ ಅಳಿಯಬಹುದಿತ್ತು.

ಕ್ರಿ.ಶ. 410ರ ಆಗಸ್ಟಿನಲ್ಲಿ ಅಲಾರಿಕನ ಗೋಥ್ ಸೈನ್ಯ ರೋಮ್ ನಗರವನ್ನು ಸೂರೆಗೈದಿತು. ನಿರಾಶ್ರಿತರು ಸಮುದ್ರ ದಾಟಿ ಆಫ್ರಿಕಕ್ಕೆ ಬಂದರು. ಹಳೆಯ ದೇವತೆಗಳನ್ನು ತೊರೆದದ್ದರಿಂದಲೇ ಈ ವಿಪತ್ತು ಬಂತೆಂದು ಕ್ರೈಸ್ತರ ಮೇಲೆ ಆರೋಪ ಕೇಳಿಬಂತು. ಅದಕ್ಕೆ ಉತ್ತರವಾಗಿ ಅಗಸ್ಟೀನರು ದೇವರ ನಗರ ಎಂಬ ಮಹಾಗ್ರಂಥವನ್ನು ಕ್ರಿ.ಶ. 413ರ ಸುಮಾರಿಗೆ ಆರಂಭಿಸಿದರು. 22 ಭಾಗಗಳ ಆ ಕೃತಿ ಮುಗಿಯಲು ಹದಿಮೂರು ವರ್ಷಗಳೇ ಬೇಕಾದವು. ಮನುಷ್ಯರು ಕಟ್ಟಿದ ಯಾವ ಸಾಮ್ರಾಜ್ಯವೂ ಶಾಶ್ವತವಲ್ಲ, ನಮ್ಮ ಭರವಸೆ ಅದರ ಕೋಟೆಗೋಡೆಗಳ ಮೇಲೆ ನಿಲ್ಲಬಾರದು ಎಂಬುದು ಅದರ ತಿರುಳು. ಮುಪ್ಪಿನಲ್ಲಿ ಅವರು ತಮ್ಮ ಹಳೆಯ ಕೃತಿಗಳನ್ನು ಒಂದೊಂದಾಗಿ ಓದಿ ತಿದ್ದಲು ಕುಳಿತರು. 93 ಕೃತಿಗಳನ್ನು ಪರಿಶೀಲಿಸಿ, ತಾವು ತಪ್ಪಿದ್ದೆಲ್ಲಿ ಎಂಬುದನ್ನು ತಾವೇ ಬರೆದಿಟ್ಟರು. ಪಂಡಿತರಲ್ಲಿ ಇಂಥ ವಿನಯ ಅಪರೂಪ.

ಕ್ರಿ.ಶ. 429ರಲ್ಲಿ ಗೆನ್ಸೆರಿಕನ ನಾಯಕತ್ವದ ವಾಂಡಲ್ ಜನಾಂಗ ಸ್ಪೇನಿನಿಂದ ಆಫ್ರಿಕಕ್ಕೆ ದಾಟಿತು. ಊರುಗಳು ಉರಿದವು, ದೇವಾಲಯಗಳು ಬರಿದಾದವು. ಅಪಾಯ ಹತ್ತಿರವಾದಾಗ ಗುರುಗಳು ಓಡಿಹೋಗಬಹುದೇ ಎಂದು ಹೊನೊರಾತುಸ್ ಎಂಬ ಧರ್ಮಾಧ್ಯಕ್ಷರು ಪತ್ರ ಬರೆದು ಕೇಳಿದರು. ಜನರೆಲ್ಲ ಹೊರಟುಹೋದ ಕಡೆ ಗುರುವೂ ಹೋಗಬಹುದು. ಜನರು ಉಳಿದಿರುವ ಕಡೆ, ಅವರಿಗೆ ಸಂಸ್ಕಾರಗಳನ್ನು ನೀಡಲು ಬೇರೆ ಯಾರೂ ಇಲ್ಲದಾಗ ಗುರುವೂ ಉಳಿಯಬೇಕು ಎಂಬುದು ಅಗಸ್ಟೀನರು ಕೊಟ್ಟ ಉತ್ತರದ ಸಾರ. ಗುರುಪಟ್ಟವನ್ನು ಹೊತ್ತ ನಾವು ಆ ಪತ್ರವನ್ನು ಓದುವಾಗ ತಲೆತಗ್ಗಿಸಿ ಆತ್ಮಶೋಧನೆ ಮಾಡಿಕೊಳ್ಳಬೇಕಾಗುತ್ತದೆ.

ಕ್ರಿ.ಶ. 430ರ ಬೇಸಿಗೆಯಲ್ಲಿ ಹಿಪ್ಪೋ ನಗರಕ್ಕೇ ಮುತ್ತಿಗೆ ಬಿತ್ತು. ರೋಮನ್ ಸೇನಾಪತಿ ಬೊನಿಫಾಸನ ಪಡೆ ಕೋಟೆಯೊಳಗಿತ್ತು; ಸುತ್ತಲಿನ ಧರ್ಮಾಧ್ಯಕ್ಷರು ಹಲವರು ಆಶ್ರಯ ಪಡೆದಿದ್ದರು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಅಗಸ್ಟೀನರು ಜ್ವರದಿಂದ ಮಲಗಿದರು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ, ಮಲಗಿದ್ದಲ್ಲಿಂದ ಕಾಣುವಂತೆ ಗೋಡೆಗೆ ಅಂಟಿಸಿಕೊಂಡರು. ಕೊನೆಯ ಹತ್ತು ದಿನ ವೈದ್ಯರು ಮತ್ತು ಊಟ ತರುವವರ ಹೊರತು ಯಾರೂ ಬರಬಾರದೆಂದು ಕೋರಿ, ಅಳುತ್ತ ಅವುಗಳನ್ನು ಓದುತ್ತಿದ್ದರು. ಆಗಸ್ಟ್ 28ರಂದು, 75 ವರ್ಷ ತುಂಬಿದ್ದ ಅವರು ದೇವರಲ್ಲಿ ವಿಶ್ರಮಿಸಿದರು.

ಅವರ ಜೊತೆಯಲ್ಲೇ ಇದ್ದ ಕಲಾಮದ ಧರ್ಮಾಧ್ಯಕ್ಷ ಪೊಸ್ಸಿದಿಯುಸ್ ಮುಂದೆ ಅವರ ಚರಿತ್ರೆಯನ್ನು ಬರೆದರು. ಅದರ ಪ್ರಕಾರ ಅಗಸ್ಟೀನರು ಮರಣಶಾಸನವನ್ನೇ ಬರೆಯಲಿಲ್ಲ, ಏಕೆಂದರೆ ಆ ಬಡ ದೇವಸೇವಕನ ಬಳಿ ಬರೆದುಕೊಡಲು ಏನೂ ಇರಲಿಲ್ಲ. ಆದರೆ ದೇವಾಲಯದ ಗ್ರಂಥಾಲಯವನ್ನು, ಅದರಲ್ಲಿನ ಎಲ್ಲ ಗ್ರಂಥಗಳನ್ನು ಮುಂದಿನವರಿಗಾಗಿ ಜೋಪಾನ ಮಾಡಬೇಕೆಂದು ಸದಾ ಹೇಳುತ್ತಿದ್ದರು. ಇದೇ ಅಗಸ್ಟೀನರು ಸೆರೆಯಾಳುಗಳನ್ನು ಬಿಡಿಸಲು, ಬಡವರಿಗೆ ಹಂಚಲು ದೇವಾಲಯದ ಪವಿತ್ರ ಪಾತ್ರೆಗಳನ್ನೇ ಕರಗಿಸಿದ್ದರೆಂದೂ ಪೊಸ್ಸಿದಿಯುಸ್ ತಿಳಿಸುತ್ತಾರೆ. ಯಾವುದನ್ನು ಕಳೆದುಕೊಳ್ಳಬಹುದು, ಯಾವುದನ್ನು ಕಳೆದುಕೊಳ್ಳಬಾರದು ಎಂಬ ವಿವೇಕ ಇಲ್ಲಿದೆ. ಮೊದಲು ಜನ, ಅನಂತರ ಜನರನ್ನು ಬೆಳಗುವ ಗ್ರಂಥ; ಬೆಳ್ಳಿ ಬಂಗಾರ ಕಟ್ಟಕಡೆಗೆ.

ಗ್ರಂಥಗಳು ಯುದ್ಧವನ್ನು ತಡೆಯಲಿಲ್ಲವೆಂಬುದನ್ನು ನಾವು ಮರೆಮಾಚಬೇಕಿಲ್ಲ. ಮುತ್ತಿಗೆ ಸುಮಾರು 14 ತಿಂಗಳು ನಡೆಯಿತು. ಅನಂತರ ಜನ ತೊರೆದುಹೋದ ನಗರವನ್ನು ಶತ್ರುಗಳು ಸುಟ್ಟರು. ಆದರೂ ಅಗಸ್ಟೀನರ ಗ್ರಂಥಗಳು ಉಳಿದುಬಂದವು. ಪೊಸ್ಸಿದಿಯುಸ್ ಅವರ ಕೃತಿ, ಪತ್ರ, ಪ್ರಬೋಧನೆಗಳ ದೊಡ್ಡ ಪಟ್ಟಿಯನ್ನೇ ಸಿದ್ಧಪಡಿಸಿದರು. ಕೈಯಿಂದ ಕೈಗೆ, ಮಠದಿಂದ ಮಠಕ್ಕೆ ಅವು ಸಾಗಿದವು. ಆ ಪಟ್ಟಿಯ ಬೆಲೆ ಇಂದಿಗೂ ಕುಂದಿಲ್ಲ: 1990ರಲ್ಲಿ ಜರ್ಮನಿಯ ಮೈನ್ಜ್ ನಗರದ ಹಸ್ತಪ್ರತಿಯೊಂದರಲ್ಲಿ ಅವರ ಮರೆತುಹೋಗಿದ್ದ ಪ್ರಬೋಧನೆಗಳು ಪತ್ತೆಯಾದವು. ಆದರೆ ಅಗಸ್ಟೀನರನ್ನು ಮೊದಲು ಎಚ್ಚರಿಸಿದ ಹೊರ್ಟೆನ್ಸಿಯುಸ್ ಇಂದು ಇಡಿಯಾಗಿ ಎಲ್ಲಿಯೂ ಇಲ್ಲ. ಅಲ್ಲಲ್ಲಿ ಉದ್ಧರಿಸಿದ ಚೂರುಗಳಷ್ಟೇ ಉಳಿದಿವೆ. ಯಾರಾದರೂ ಜೋಪಾನ ಮಾಡದಿದ್ದರೆ ಎಂಥ ಗ್ರಂಥವೂ ಅಳಿಯುತ್ತದೆ. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಸಂತ ಅಗಸ್ಟೀನರ ಸಭೆಯಿಂದಲೇ ಬಂದವರು. ಹಿಪ್ಪೋ ನಗರದ ಗೋಡೆಗಳು ಬಿದ್ದುಹೋಗಿ ಹದಿನೈದು ಶತಮಾನಗಳು ಕಳೆದ ಮೇಲೂ ಅಲ್ಲಿ ಬರೆದ ಮಾತು ಧರ್ಮಸಭೆಯನ್ನು ನಡೆಸುತ್ತಿದೆ.

ಮಕ್ಕಳಿಗಾಗಿ ನಾವು ನಿವೇಶನ ಕೊಳ್ಳುತ್ತೇವೆ, ಒಡವೆ ಕೂಡಿಡುತ್ತೇವೆ. ತಪ್ಪೇನಲ್ಲ. ಆದರೆ ಮನೆಯ ಪೀಠದ ಮೇಲಿನ ಬೈಬಲ್ ತೆರೆದು ಎಷ್ಟು ದಿನಗಳಾದವು? ಧರ್ಮಕೇಂದ್ರದ ಪುಸ್ತಕದ ಕಪಾಟಿನ ಬೀಗದ ಕೈ ಯಾರ ಬಳಿ ಇದೆ? ಈ ಹಬ್ಬದ ವಾರದಲ್ಲಿ ಸಂಜೆಯ ಜಪಸರದ ನಂತರ ಮಕ್ಕಳ ಕೈಗೆ ಒಂದು ಒಳ್ಳೆಯ ಪುಸ್ತಕವನ್ನು ಕೊಟ್ಟು, ಒಂದು ಪುಟವನ್ನು ಗಟ್ಟಿಯಾಗಿ ಓದಿಸೋಣ. ಸಂತ ಅಗಸ್ಟೀನರು ನಮಗಾಗಿ ಪ್ರಾರ್ಥಿಸಲಿ.