ಮುತ್ಸದ್ದಿ ನಾನಾ ಫಡಣವೀಸ

ಪುಣೆಯ ಶನಿವಾರವಾಡೆಯನ್ನು ನೋಡದ ವಿದ್ಯಾರ್ಥಿಯು ನಮ್ಮ ಶಾಲೆಯಲ್ಲಿ ಇರಲಾರನು. ಆದರೆ ಸುಮಾರು ಕಾಲು ಶತಮಾನದವರೆಗೆ ಮರಾಠಾ ರಾಜ್ಯದ ಸೂತ್ರಗಳನ್ನು ಇಲ್ಲಿ ಹಿಡಿದು ನಡೆಸಿದವನು ಪೇಶವೆಯಲ್ಲ, ಸೇನಾಪತಿಯೂ ಅಲ್ಲ, ಲೆಕ್ಕಪತ್ರಗಳ ಅಧಿಕಾರಿಯಾದ ಒಬ್ಬ ಫಡಣವೀಸನೆಂಬುದನ್ನು ಬಲ್ಲವರು ಕೆಲವರು ಮಾತ್ರ. ಅವನೇ ನಾನಾ ಫಡಣವೀಸನು. ಪುಣೆಯಲ್ಲಿ ಕಲಿಯುತ್ತಿರುವ ಕನ್ನಡಿಗರಾದ ನಮಗೆ ಅವನ ಚರಿತ್ರೆಯು ಎರಡು ಕಾರಣಗಳಿಂದ ಹತ್ತಿರದ್ದು. ನಾವು ಅವನ ಊರಿನಲ್ಲಿ ಬೆಳೆಯುತ್ತಿದ್ದೇವೆ. ಅವನು ಮಾಡಿದ ಒಪ್ಪಂದಗಳ ಫಲವನ್ನು ಕೃಷ್ಣಾ-ತುಂಗಭದ್ರೆಗಳ ನಡುವಿನ ಕನ್ನಡದ ಊರುಗಳು ಉಂಡವು.

ನಾನಾನ ಹುಟ್ಟುಹೆಸರು ಬಾಳಾಜಿ ಜನಾರ್ದನ ಭಾನು. ಅವನು 1742ರಲ್ಲಿ ಸಾತಾರೆಯಲ್ಲಿ ಜನಿಸಿದನು. ಪೇಶವೆಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಫಡಣವೀಸಿಯು ಅವನ ಮನೆತನಕ್ಕೆ ಬಂದ ಉದ್ಯೋಗವಾಗಿದ್ದಿತು. ಹತ್ತೊಂಬತ್ತು ತುಂಬುವ ಮೊದಲೇ ಅವನು ಪಾಣಿಪತದ ಘೋರ ಯುದ್ಧವನ್ನು ಕಣ್ಣಾರೆ ಕಂಡನು. 1761ರ ಜನವರಿಯ ಆ ಸೋಲಿನಲ್ಲಿ ಅವನು ತಾಯಿಯನ್ನು ಕಳೆದುಕೊಂಡನು. ತಾನು ಹೇಗೋ ಜೀವ ಉಳಿಸಿಕೊಂಡು ಹಿಂದಿರುಗಿದನು. ಶರೀರದಿಂದ ದುರ್ಬಲನಾದ ಅವನು ಎಂದೂ ರಣಶೂರನೆನಿಸಲಿಲ್ಲ. ಅವನ ಆಯುಧಗಳು ಲೇಖನಿ, ತಾಳ್ಮೆ ಮತ್ತು ದೂರದೃಷ್ಟಿ.

ಆ ಕಾಲದ ದಕ್ಷಿಣದ ಸ್ಥಿತಿಯನ್ನು ನಾವು ಮೊದಲು ತಿಳಿಯಬೇಕು. ಪುಣೆಯಲ್ಲಿ ಮರಾಠರು, ಹೈದರಾಬಾದಿನಲ್ಲಿ ನಿಜಾಮನು, ಶ್ರೀರಂಗಪಟ್ಟಣದಲ್ಲಿ ಹೈದರ ಅಲಿ: ಹೀಗೆ ಮೂರು ನೆರೆಯ ರಾಜ್ಯಗಳಿದ್ದವು. ಗಡಿಯ ಸೀಮೆಗಳಿಗಾಗಿ, ಚೌಥಾಯಿಯ ಹಣಕ್ಕಾಗಿ ಇವು ಮೇಲಿಂದ ಮೇಲೆ ಕಾದಾಡುತ್ತಿದ್ದವು. ಇಂದು ವೈರಿಯಾದವನು ನಾಳೆ ಮಿತ್ರನಾಗುತ್ತಿದ್ದನು. ಈ ಜಗಳಗಳ ನಡುವೆ ಮುಂಬಯಿ, ಮದ್ರಾಸು, ಕಲಕತ್ತೆಗಳಲ್ಲಿ ನೆಲೆಯೂರಿದ ಇಂಗ್ಲೀಷರ ಕಂಪನಿಯು ನಾಲ್ಕನೆಯ ಶಕ್ತಿಯಾಗಿ ಬಂದು ನಿಂತಿತು. ಅದರ ಹಿಂದೆ ಬಂಗಾಲದ ಸಂಪತ್ತೂ ಸಮುದ್ರದ ಮೇಲಿನ ನೌಕಾಬಲವೂ ಇದ್ದವು.

1773ರಲ್ಲಿ ತರುಣ ಪೇಶವೆ ನಾರಾಯಣರಾಯನ ಕೊಲೆಯಾಯಿತು. ಅವನ ಚಿಕ್ಕಪ್ಪ ರಘುನಾಥರಾಯನು ಗಾದಿಯನ್ನೇರಿದನು. ಇದನ್ನು ಸಹಿಸದ ಮುಖಂಡರು ಕೂಡಿ ಬಾರಭಾಯಿ ಎಂಬ ಮಂಡಲಿಯನ್ನು ರಚಿಸಿಕೊಂಡರು. ನಾರಾಯಣರಾಯನ ಮರಣದ ನಂತರ 1774ರಲ್ಲಿ ಹುಟ್ಟಿದ ಕೂಸು ಸವಾಯಿ ಮಾಧವರಾಯನನ್ನು ಅವರು ಪೇಶವೆಯೆಂದು ಸಾರಿದರು. ಮಂಡಲಿಯ ಜೀವಾಳವಾಗಿದ್ದ ನಾನಾನ ಕೈಗೆ ಕ್ರಮೇಣ ಎಲ್ಲ ಅಧಿಕಾರವೂ ಬಂದಿತು. ಅಧಿಕಾರ ತಪ್ಪಿದ ರಘುನಾಥರಾಯನು ಮುಂಬಯಿಯ ಇಂಗ್ಲೀಷರ ಮರೆಹೊಕ್ಕು, 1775ರಲ್ಲಿ ಸೂರತದ ಒಪ್ಪಂದದಿಂದ ಸಾಷ್ಟಿ, ವಸಯಿಗಳನ್ನು ಅವರಿಗೆ ಕೊಡಲೊಪ್ಪಿದನು. ಮನೆಯ ಜಗಳಕ್ಕೆ ಹೊರಗಿನವರನ್ನು ಕರೆದುದರ ಬೆಲೆಯು ಹೀಗೆ ಆರಂಭದಲ್ಲಿಯೇ ಗೊತ್ತಾಯಿತು.

ರಘುನಾಥರಾಯನನ್ನು ಪುಣೆಯ ಗಾದಿಗೆ ತರಲು ಇಂಗ್ಲೀಷರ ಸೈನ್ಯವು ಬೋರಘಾಟವನ್ನು ಏರಿ ಬಂದಿತು. ಮರಾಠರು ದಾರಿಯ ಮೇವು-ಧಾನ್ಯಗಳನ್ನು ಸುಟ್ಟು, ಶತ್ರುವನ್ನು ಸುತ್ತುವರಿದರು. 1779ರ ಜನವರಿಯಲ್ಲಿ ಆ ಸೈನ್ಯವು ವಡಗಾಂವದಲ್ಲಿ ಶರಣಾಗತವಾಯಿತು. ಮುಂಬಯಿಯಿಂದ ಪುಣೆಗೆ ಬರುವಾಗ ರೈಲಿನಲ್ಲಿ ನಾವು ದಾಟುವ ವಡಗಾಂವವೇ ಅದು.

ಈ ಜಯದಿಂದ ನಾನಾನು ಮೈಮರೆಯಲಿಲ್ಲ. ಕಂಪನಿಯು ಒಬ್ಬೊಬ್ಬರನ್ನೇ ಮುರಿಯುವದು, ಎಲ್ಲರೂ ಕೂಡಿದರೆ ಮಾತ್ರ ಅದನ್ನು ತಡೆಯಬಹುದು ಎಂದು ಅವನು ಕಂಡುಕೊಂಡನು. ನಿಜಾಮನಿಗೂ ಆಗ ಸಿಟ್ಟು ಬಂದಿದ್ದಿತು. ಮದ್ರಾಸಿನವರು ಅವನನ್ನು ಕೇಳದೆ ಅವನ ತಮ್ಮನಿಂದ ಗುಂಟೂರನ್ನು ಪಡೆದುಕೊಂಡಿದ್ದರು. ಹೈದರನಿಗೋ ಇಂಗ್ಲೀಷರ ಮೇಲೆ ಹಳೆಯ ದ್ವೇಷ. ಹೀಗೆ 1780ರ ಹೊತ್ತಿಗೆ ಪೇಶವೆ, ನಿಜಾಮ, ಹೈದರ ಮತ್ತು ನಾಗಪುರದ ಭೋಸಲೆ ಎಂಬ ನಾಲ್ವರ ಕೂಟವು ಸಿದ್ಧವಾಯಿತು. ಕೃಷ್ಣೆಯ ದಕ್ಷಿಣದ ಸೀಮೆಯ ಮೇಲೆ ಹೈದರನ ಒಡೆತನವನ್ನು ಮರಾಠರು ಒಪ್ಪಿಕೊಂಡರು. ಬಹುಕಾಲದ ವೈರಿಗಳು ಒಂದಾದುದನ್ನು ಕಂಡು ಕಲಕತ್ತೆಯು ತಲ್ಲಣಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರನ ಸೈನ್ಯವು ಬೇಯ್ಲಿಯ ಪಡೆಯನ್ನು ನಿರ್ನಾಮ ಮಾಡಿತು.

ಇಷ್ಟಾದರೂ ಕೂಟವು ಬಾಳಲಿಲ್ಲ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನು ಕೂಟದೊಡನೆ ಕಾದದೆ, ಕೂಟದ ಒಬ್ಬೊಬ್ಬನ ಮನೆಯ ಬಾಗಿಲನ್ನೂ ಬೇರೆಬೇರೆಯಾಗಿ ತಟ್ಟಿದನು. ನಿಜಾಮನಿಗೆ ಗುಂಟೂರನ್ನು ಮರಳಿಸಿದನು, ನಿಜಾಮನು ಸುಮ್ಮನಾದನು. ಭೋಸಲೆಗೆ ಹಣ ಮುಟ್ಟಿತು. ಬಂಗಾಲದ ಮೇಲೆ ಹೊರಟ ಅವನ ದಂಡು ಕಟಕದಲ್ಲಿಯೇ ನಿಂತಿತು. ಮಹಾದಜಿ ಶಿಂದೆಗೆ ಸಂಧಾನಕಾರನೆಂಬ ಹಿರಿಮೆ ದೊರೆಯಿತು. 1782ರ ಮೇ ತಿಂಗಳಲ್ಲಿ ಅವನ ಮೂಲಕ ಸಾಲಬಾಯಿಯ ಒಪ್ಪಂದವಾಯಿತು. ಹೈದರನೊಬ್ಬನೇ ಕಣದಲ್ಲಿ ಉಳಿದನು. ಮಿತ್ರನನ್ನು ನಡುನೀರಿನಲ್ಲಿ ಕೈಬಿಡಲು ನಾನಾನ ಮನಸ್ಸು ಒಪ್ಪಲಿಲ್ಲ. ಅವನು ಒಪ್ಪಂದಕ್ಕೆ ಮುದ್ರೆಯೊತ್ತದೆ ತಿಂಗಳುಗಟ್ಟಲೆ ಕಳೆದನು. ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಬಳಿಕ ಒಪ್ಪಂದವು ಸ್ಥಿರವಾಯಿತು.

ಮುಂದಿನ ಕಥೆಯು ಇನ್ನೂ ವಿಷಾದಕರವಾದುದು. ಹೈದರನ ಮಗ ಟಿಪ್ಪು ಸುಲ್ತಾನನು 1785ರಲ್ಲಿ ನರಗುಂದವನ್ನು ಮುತ್ತಿ ಹಿಡಿದನು. ಕಿತ್ತೂರು ಕೂಡ ಅವನ ವಶವಾಯಿತು. ನಾನಾನು ನಿಜಾಮನೊಡನೆ ಸೇರಿ ಟಿಪ್ಪುವಿನ ಮೇಲೆ ಯುದ್ಧ ಹೂಡಿದನು. 1786ರಲ್ಲಿ ಬಾದಾಮಿಯ ಕೋಟೆಯು ಮರಾಠರಿಗೆ ದೊರೆಯಿತು. 1787ರಲ್ಲಿ ಗಜೇಂದ್ರಗಡದ ಒಪ್ಪಂದವಾಯಿತು. ಒಪ್ಪಂದವಾದರೂ ನಂಬಿಕೆ ಹುಟ್ಟಲಿಲ್ಲ. ಟಿಪ್ಪುವು ತಿರುವಾಂಕೂರಿನ ಮೇಲೆ ಏರಿಹೋದಾಗ ಲಾರ್ಡ್ ಕಾರ್ನವಾಲಿಸನು ಪುಣೆ, ಹೈದರಾಬಾದುಗಳಿಗೆ ಸ್ನೇಹಹಸ್ತ ಚಾಚಿದನು. ಕಳೆದುಕೊಂಡ ಸೀಮೆಯನ್ನು ಮರಳಿ ಪಡೆಯುವ ಆಶೆಯಿಂದ ನಾನಾನು 1790ರ ಜೂನಿನಲ್ಲಿ ಕಂಪನಿಯೊಡನೆ ಕರಾರು ಮಾಡಿಕೊಂಡನು. ಹತ್ತು ವರ್ಷಗಳ ಹಿಂದೆ ಕಂಪನಿಗೆ ಇದಿರಾಗಿ ಮೈಸೂರಿನ ಕೈ ಹಿಡಿದವನೇ ಈಗ ಮೈಸೂರಿಗೆ ಇದಿರಾಗಿ ಕಂಪನಿಯ ಕೈ ಹಿಡಿದನು!

ಪರಶುರಾಮಭಾವು ಪಟವರ್ಧನನ ದಂಡು ತಿಂಗಳುಗಟ್ಟಲೆ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ, 1791ರಲ್ಲಿ ಅದನ್ನು ಹಿಡಿಯಿತು. ಬಂದ ದಂಡು ಯಾರದಾದರೂ ಹೊಲದ ಪೈರು ತುಳಿಯಲ್ಪಡುವದು ತಪ್ಪದು. 1792ರಲ್ಲಿ ಟಿಪ್ಪುವು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲೊಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಮರಾಠರ ಗಡಿಯು ಮತ್ತೆ ತುಂಗಭದ್ರೆಯನ್ನು ಮುಟ್ಟಿತು. ಮೈಸೂರು ಕುಗ್ಗಬೇಕು, ಆದರೆ ಅಳಿಯಬಾರದು ಎಂಬುದು ನಾನಾನ ಎಣಿಕೆಯಾಗಿದ್ದಿತು. ಆದರೆ ತಕ್ಕಡಿಯು ಅವನ ಕೈಯಲ್ಲಿ ಉಳಿದಿರಲಿಲ್ಲ.

1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನು ಸೋಲಿಸಿದರು. ಕಂಪನಿಯು ನಿಜಾಮನ ನೆರವಿಗೆ ಬರಲಿಲ್ಲ. ಇದು ನಾನಾನ ಕೀರ್ತಿಯ ಶಿಖರ; ಪತನವೂ ಅದರ ಬೆನ್ನಲ್ಲೇ ಬಂದಿತು. ಅದೇ ಅಕ್ಟೋಬರಿನಲ್ಲಿ ತರುಣ ಪೇಶವೆಯು ಶನಿವಾರವಾಡೆಯ ಮೇಲಿನಿಂದ ಬಿದ್ದು ಮೃತನಾದನು. ರಘುನಾಥರಾಯನ ಮಗ ಎರಡನೆಯ ಬಾಜೀರಾಯನು ಪೇಶವೆಯಾದನು. ಮುದುಕನಾದ ನಾನಾನು ಅಹಮದನಗರದ ಕೋಟೆಯಲ್ಲಿ ಸೆರೆಯನ್ನೂ ಅನುಭವಿಸಬೇಕಾಯಿತು. 1798ರಲ್ಲಿ ನಿಜಾಮನು ತನ್ನ ಖರ್ಚಿನಿಂದ ಕಂಪನಿಯ ಸೈನ್ಯವನ್ನು ಸಾಕಲು ಒಪ್ಪಿ ಸ್ವಾತಂತ್ರ್ಯ ಕಳೆದುಕೊಂಡನು. 1799ರ ಮೇ 4ರಂದು ಟಿಪ್ಪುವು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತ ಮಡಿದನು. ಮೂವರಲ್ಲಿ ಇನ್ನು ಉಳಿದವರು ಮರಾಠರೊಬ್ಬರೇ. 1800ರ ಮಾರ್ಚ್ 13ರಂದು ನಾನಾನು ಪುಣೆಯಲ್ಲಿ ಕಣ್ಣುಮುಚ್ಚಿದನು.

ಅವನು ಭಯಪಟ್ಟುದೆಲ್ಲವೂ ಬೇಗನೆ ನಡೆದುಹೋಯಿತು. ಮೈಸೂರಿನ ಯುದ್ಧಗಳಲ್ಲಿ ಗಳಿಸಿದ ಬಳ್ಳಾರಿ ಮೊದಲಾದ ಸೀಮೆಗಳನ್ನು ನಿಜಾಮನು ಅದೇ ವರ್ಷ ಕಂಪನಿಗೇ ಬಿಟ್ಟುಕೊಟ್ಟನು. 1802ರ ಕೊನೆಯ ದಿನ ಬಾಜೀರಾಯನು ವಸಯಿಯಲ್ಲಿ ಕಂಪನಿಯ ಆಶ್ರಿತನಾದನು. 1818ರಲ್ಲಿ ಪೇಶವಾಯಿಯೇ ಮುಗಿದು, ಧಾರವಾಡ ಸೀಮೆಯು ಇಂಗ್ಲೀಷರ ಕೈಸೇರಿತು. ಹೀಗೆ ಹಂಚಿಹೋದ ಕನ್ನಡ ನಾಡು ಮತ್ತೆ ಒಂದು ಆಡಳಿತದಲ್ಲಿ ಕೂಡಲು 1956ರವರೆಗೆ ಕಾಯಬೇಕಾಯಿತು.

ನಾನಾನಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳಲಾರೆವು. ಅಧಿಕಾರವನ್ನು ಹಂಚಿಕೊಳ್ಳುವದು ಅವನಿಗೆ ಒಗ್ಗಲಿಲ್ಲ. ಮಹಾದಜಿಯಂಥ ಸಮರ್ಥನೊಡನೆಯೂ ಅವನ ಮನಸ್ಸು ಕೂಡಲಿಲ್ಲ. ಆದರೂ ಅಂದಿನವರಲ್ಲಿ ಅಪಾಯವನ್ನು ಸ್ಪಷ್ಟವಾಗಿ ಕಂಡವರಲ್ಲಿ ಅವನೊಬ್ಬನು. ಕಂಡೂ ಅವನು 1790ರಲ್ಲಿ ಎಡವಿದುದೇಕೆ? ನೆರೆಯವನ ಭಯವು ಹತ್ತಿರದ್ದು, ಕಂಪನಿಯ ಭಯವು ದೂರದ್ದು ಎಂದು ತೋರಿತು. ಗುಂಟೂರು, ಧಾರವಾಡ, ಬಾದಾಮಿಗಳಂಥ ಒಂದೊಂದು ತುಂಡಿಗಾಗಿ ಮೂವರೂ ತಮ್ಮ ಸರದಿಯಲ್ಲಿ ದೊಡ್ಡವನನ್ನು ಕರೆದರು. ಕರೆದಾಗ ಬಂದವನು ಹೋಗೆಂದಾಗ ಹೋಗಲಿಲ್ಲ. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ಕಥೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿಯೇ ಕೇಳಿದ್ದೇವೆ. ರಾಜ್ಯಗಳನ್ನಾಳಿದವರು ಅದನ್ನು ಮರೆತರು. ನೆರೆಯವರೊಡನೆ ವ್ಯಾಜ್ಯವು ಬಂದಾಗ ಕೂಡಿ ಕುಳಿತು ಬಗೆಹರಿಸಿಕೊಳ್ಳುವ ಸೈರಣೆಯೇ ಸಣ್ಣ ರಾಜ್ಯಗಳ ದೊಡ್ಡ ಕೋಟೆ. ಬಾಲಮಿತ್ರರೇ, ಶನಿವಾರವಾಡೆಯ ಮಗ್ಗುಲಿಗಿರುವ ನಾನಾವಾಡೆಯ ಮುಂದೆ ಹಾಯುವಾಗ ಈ ಮಾತನ್ನು ನೆನೆಯಿರಿ.